ಆಯ್ತಣ್ಣ ಅಂದ, ಅಷ್ಟೇ

ನನ್ನದು ತುಮಕೂರಿನಲ್ಲಿ ಕೋರ್ಟಿಗೆ ಹತ್ತಿರ ಒಂದು ಜೆರಾಕ್ಸ್ ಅಂಗಡಿ. ಹತ್ತಡಿ ಅಗಲ, ಎರಡು ಮೆಷಿನ್, ಒಂದು ಕಂಪ್ಯೂಟರ್, ಮಳೆ ಬಂದರೆ ಮುಂದೆ ಕಟ್ಟೋಕೆ ಒಂದು ನೀಲಿ ಟಾರ್ಪಾಲು. ಹತ್ತೊಂಬತ್ತು ವರ್ಷದಿಂದ ಊರವರ ಅರ್ಜಿ ತುಂಬಿಸಿ ಕೊಡುತ್ತಿದ್ದೇನೆ. ಪಹಣಿ, ಪಿಂಚಣಿ, ವಂಶವೃಕ್ಷ, ಇ.ಸಿ., ಎಲ್ಲ. "ಖಾಲಿ ಜಾಗ ಬಿಟ್ಟು ಸಹಿ ಹಾಕಬೇಡಿ ಸ್ವಾಮಿ" ಅಂತ ಎಷ್ಟು ಜನಕ್ಕೆ ಬುದ್ಧಿ ಹೇಳಿದ್ದೀನೋ ಲೆಕ್ಕ ಇಲ್ಲ. ಅಂಥವನು ಸ್ವಂತ ಮನೆ ಸಾಲದಲ್ಲಿ ಏನು ಮಾಡಿಕೊಂಡೆ ಅಂತ ಬರೆಯುತ್ತಿದ್ದೇನೆ. ನಗುವವರು ನಗಲಿ. ನಮ್ಮನೆಯವಳು ಆಗಲೇ ನಕ್ಕು ಮುಗಿಸಿದ್ದಾಳೆ.

2025ರ ಸಂಕ್ರಾಂತಿ ಹೊತ್ತು. ಕ್ಯಾತ್ಸಂದ್ರದ ಕಡೆ ಮೂವತ್ತು ನಲವತ್ತರ ಸೈಟಿನಲ್ಲಿ ಒಂದು ಮನೆ ಮಾರಾಟಕ್ಕಿತ್ತು. ರಿಟೈರ್ ಆದ ಮೇಷ್ಟ್ರದ್ದು, ಮಗನ ಹತ್ತಿರ ಮೈಸೂರಿಗೆ ಹೋಗುವವರು. 38 ಲಕ್ಷಕ್ಕೆ ಮಾತಾಯಿತು. ಗುಬ್ಬಿ ಕಡೆ ನನ್ನ ಪಾಲಿಗೆ ಬಂದಿದ್ದ ಜಮೀನು ಮಾರಿದ ದುಡ್ಡು, ಎತ್ತಿದ ಚೀಟಿ, ಎಲ್ಲ ಸೇರಿಸಿ ನೋಂದಣಿ ಖರ್ಚು ಬಿಟ್ಟು ಕೈಲಿ 16 ಲಕ್ಷ ಇತ್ತು. ಉಳಿದ 22 ಲಕ್ಷಕ್ಕೆ ಸಾಲ. 2 ಲಕ್ಷ ಮುಂಗಡ ಕೊಟ್ಟು ಮೂರು ತಿಂಗಳ ಕರಾರು ಮಾಡಿಕೊಂಡೆವು.

ಸಾಲ ಮಾಡಿಸೋಕೆ ಒಬ್ಬ ಏಜೆಂಟನನ್ನು ಹಿಡಿದೆ. ಯಾಕೆ ಬೇಕಿತ್ತು ಅಂತ ಕೇಳಬಹುದು. ಸಂಬಳದವರಿಗೆ ಸ್ಲಿಪ್ ಇರುತ್ತದೆ. ನನ್ನಂಥ ಅಂಗಡಿಯವನಿಗೆ ಮೂರು ವರ್ಷದ ಐಟಿಆರ್, ಬ್ಯಾಂಕ್ ಸ್ಟೇಟ್‌ಮೆಂಟು, ಅಂಗಡಿ ಲೈಸೆನ್ಸು, ಅದಾದ ಮೇಲೂ "ನಾಳೆ ಬನ್ನಿ". ಎರಡು ಸಲ ಅಂಗಡಿ ಮುಚ್ಚಿ ಬ್ಯಾಂಕಿಗೆ ಹೋದೆ, ಎರಡು ಸಲವೂ ಸಾಲದ ಆಫೀಸರ್ ಸೀಟಿನಲ್ಲಿ ಇರಲಿಲ್ಲ. ಅಷ್ಟರಲ್ಲಿ ಈ ಪುಣ್ಯಾತ್ಮ ಸಿಕ್ಕ. ದಿನಾ ನಮ್ಮ ಅಂಗಡಿಗೇ ಜೆರಾಕ್ಸಿಗೆ ಬರುವವನು. ಇಸ್ತ್ರಿ ಶರ್ಟು, ಜೇಬಲ್ಲಿ ಎರಡು ಫೋನು. "ಅಣ್ಣಾ, ನೀವು ಅಂಗಡಿ ನೋಡ್ಕಳಿ, ಬ್ಯಾಂಕ್ ನಾನು ನೋಡ್ಕತೀನಿ" ಅಂದ. ಫೀಸ್ ಎಷ್ಟಪ್ಪ ಅಂದರೆ "ನಿಮ್ಮತ್ರ ಏನ್ ತಗಳೋದಣ್ಣ, ನಂಗೆ ಬ್ಯಾಂಕ್‌ನೋರೇ ಕೊಡ್ತಾರೆ" ಅಂದ. ಆ ಮಾತಿನಲ್ಲೇ ಎಲ್ಲ ಇತ್ತು. ನನಗೆ ಆಗ ಕೇಳಿಸಿದ್ದು "ಫ್ರೀ" ಅನ್ನುವುದೊಂದೇ.

ನಾನು ಅವನಿಗೆ ಹೇಳಿದ್ದು ನಾಲ್ಕೇ ಮಾತು. ನನ್ನ ಖಾತೆ ಇರುವ ಸರ್ಕಾರಿ ಬ್ಯಾಂಕಿಗೆ ಮಾತ್ರ ಅರ್ಜಿ ಹಾಕು, ಬೇರೆ ಕಡೆ ಬೇಡ. 22 ಲಕ್ಷಕ್ಕಿಂತ ಒಂದು ರೂಪಾಯಿ ಜಾಸ್ತಿ ಬೇಡ. 15 ವರ್ಷಕ್ಕೆ ಮುಗಿಯಬೇಕು, ನನಗೀಗ 44, ಅರವತ್ತರ ಒಳಗೆ ತೀರಿಸಿ ಆರಾಮಾಗಿ ಇರಬೇಕು. ಇನ್ಶೂರೆನ್ಸ್ ಬೇಡ, ಟರ್ಮ್ ಪಾಲಿಸಿ ಮೊದಲೇ ಇದೆ. ಬಾಯಲ್ಲೂ ಹೇಳಿದೆ, ವಾಟ್ಸಾಪಿನಲ್ಲೂ ಹಾಕಿದೆ. ನಾಲ್ಕಕ್ಕೂ ಒಂದೇ ಉತ್ತರ, "ಆಯ್ತಣ್ಣ". ಅದರ ಕೆಳಗೆ ಕೈ ಮುಗಿದಿರುವ ಚಿತ್ರ.

ಅರ್ಜಿ ನಾನೇ ತುಂಬಿದೆ, ರಾತ್ರಿ ಊಟ ಆದ ಮೇಲೆ, ನೀಲಿ ಪೆನ್ನಲ್ಲಿ. ನನ್ನ ಅಕ್ಷರ ಚೆನ್ನಾಗಿದೆ, ಅದೇ ನನ್ನ ಬಂಡವಾಳ. ಬೆಳಿಗ್ಗೆ ಅಭ್ಯಾಸಬಲದಿಂದ ಒಂದು ಸೆಟ್ ಜೆರಾಕ್ಸ್ ತೆಗೆದು ಡ್ರಾಯರಿಗೆ ಹಾಕಿದೆ. ಸಹಿ ಮಾಡಿದ ಮೂರು ಚೆಕ್ಕನ್ನೂ ಕೊಟ್ಟೆ. ಒಂದರಲ್ಲಿ ಪ್ರೊಸೆಸಿಂಗ್ ಫೀಸು ಅಂತ 5,900 ಬರೆದಿದ್ದೆ, ಹೆಸರಿನ ಜಾಗ ಖಾಲಿ. "ಹೆಸರು ಸೀಲ್ ಹೊಡೀತಾರೆ ಅಣ್ಣ, ಬಿಡಿ" ಅಂದಿದ್ದ. ಹೌದು, ಖಾಲಿ ಬಿಟ್ಟೆ. ನಾನೇ.

ಮುಂದಿನ ತಪ್ಪೂ ನನ್ನದೇ. ಒಂದು ಮಧ್ಯಾಹ್ನ ವಕೀಲರ ಗುಮಾಸ್ತರೊಬ್ಬರು ಇನ್ನೂರು ಪುಟದ ಕೇಸ್ ಫೈಲು ತಂದು ಮೂರು ಸೆಟ್ ಬೇಕು ಅಂತ ನಿಂತಿದ್ದರು. ಎರಡೂವರೆಗೆ ಕೋರ್ಟಿಗೆ ಹೋಗಬೇಕು. ಒಂದು ಮೆಷಿನ್ನಲ್ಲಿ ಪೇಪರ್ ಸಿಕ್ಕಿಕೊಂಡಿತ್ತು. ನಾನು ಬಾಗಿಲು ತೆಗೆದು ಬಿಸಿ ರೋಲರಿನಿಂದ ಹರಿದ ಹಾಳೆ ಎಳೆಯುತ್ತಿದ್ದೆ, ಬೆರಳೆಲ್ಲ ಟೋನರ್. ಫೋನ್ ಬಂತು. "ಅಣ್ಣಾ, ಓಟಿಪಿ ಬಂದಿರುತ್ತೆ ಹೇಳಿ, ಬ್ಯಾಂಕಲ್ಲೇ ಕೂತಿದ್ದೀನಿ." ಫೋನನ್ನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡು ಹೇಳಿಬಿಟ್ಟೆ. ಆ ವಾರ ಹೀಗೆ ನಾಲ್ಕು ಸಲ ಹೇಳಿದೆ. ಓಟಿಪಿ ಯಾರಿಗೂ ಹೇಳಬೇಡಿ ಅಂತ ನನ್ನ ಅಂಗಡಿ ಗೋಡೆ ಮೇಲೆ ನಾನೇ ಪ್ರಿಂಟ್ ಹಾಕಿ ಅಂಟಿಸಿದ್ದೇನೆ. ಆ ಹಾಳೆ ಆಗ ನನ್ನ ಬೆನ್ನ ಹಿಂದೇ ಇತ್ತು.

ಹನ್ನೊಂದು ದಿನಕ್ಕೆ ಮೆಸೇಜ್ ಬಂತು. ಅಭಿನಂದನೆಗಳು, ನಿಮ್ಮ ಗೃಹಸಾಲ ಮಂಜೂರಾಗಿದೆ. ಕಳಿಸಿದ್ದು ನಾನು ಹೇಳಿದ ಬ್ಯಾಂಕ್ ಅಲ್ಲ. ಒಂದು ಹೌಸಿಂಗ್ ಫೈನಾನ್ಸ್ ಕಂಪನಿ. 25 ಲಕ್ಷ, 25 ವರ್ಷ, ಬಡ್ಡಿ 10.25.

ಫೋನ್ ಮಾಡಿದರೆ ಖುಷಿಯಲ್ಲಿದ್ದ. "ನೋಡಿ ಅಣ್ಣ, ನೀವು 22 ಕೇಳಿದ್ರಿ, ನಾನು 25 ಮಾಡ್ಸಿದೀನಿ. ಇಎಂಐ ಬರೀ ಸಾವಿರದೈನೂರು ಜಾಸ್ತಿ. ಮೂರು ಲಕ್ಷ ಕೈಲಿರುತ್ತೆ, ಒಂದು ಕಾರೋ ಗೀರೋ ನೋಡಿ."

ಅವನು ಹೇಳಿದ್ದು ಸುಳ್ಳಲ್ಲ, ನೋಡಿ. ಅದೇ ಇದರ ಮಜಾ. ಅಂಗಡಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ಬ್ಯಾಂಕಿನವರು ಆಗ ಹೇಳಿದ್ದು ಎಂಟೂವರೆ. 22 ಲಕ್ಷಕ್ಕೆ 15 ವರ್ಷ ಅಂದರೆ ತಿಂಗಳಿಗೆ 21,664. ಇವನು ಮಾಡಿಸಿದ್ದಕ್ಕೆ 23,160. ವ್ಯತ್ಯಾಸ 1,496, ಸರಿಯಾಗೇ ಹೇಳಿದ್ದಾನೆ. ಆದರೆ ಮೊದಲನೆಯದನ್ನು 180 ತಿಂಗಳು ಕಟ್ಟಬೇಕು, ಎರಡನೆಯದನ್ನು 300 ತಿಂಗಳು. ಒಟ್ಟು ಕಟ್ಟೋದು ಅಲ್ಲಿ 39 ಲಕ್ಷದ ಹತ್ತಿರ, ಇಲ್ಲಿ 69 ಲಕ್ಷದ 48 ಸಾವಿರ. ಮೂರು ಲಕ್ಷ ಜಾಸ್ತಿ ತಗೊಂಡು ಮೂವತ್ತು ಲಕ್ಷ ಜಾಸ್ತಿ ಕಟ್ಟೋದು. ಅರವತ್ತೊಂಬತ್ತನೇ ವಯಸ್ಸಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ನಿಂತು. ಆಗ ಜೆರಾಕ್ಸ್ ಅನ್ನೋದು ಇರುತ್ತೋ ಇಲ್ವೋ.

ಮಾರನೇ ದಿನ ಅಂಗಡಿಗೆ ಭಾವಮೈದನನ್ನು ಕೂರಿಸಿ ಕಂಪನಿಯ ಆಫೀಸಿಗೇ ಹೋದೆ. ಅಲ್ಲಿದ್ದ ಹುಡುಗ ಒಳ್ಳೆಯವನು, ಫೈಲ್ ತೆಗೆದು ತೋರಿಸಿದ. "ಸಾರ್, ನೀವೇ ಬರ್ದಿದೀರಲ್ಲ, 300 ತಿಂಗಳು ಅಂತ."

ಅವರದೇ ಕಂಪನಿಯ ಅರ್ಜಿ. ಕೊನೇ ಪುಟದಲ್ಲಿ ಸಹಿ ನನ್ನದೇ. ಬ್ಯಾಂಕಿನ ಅರ್ಜಿ ಜೊತೆ "ಇದೂ ಒಂದು ಡಿಕ್ಲರೇಶನ್ ಅಣ್ಣ" ಅಂತ ಸಹಿ ಹಾಕಿಸಿಕೊಂಡ ಹಾಳೆ ಅದು. ಅದನ್ನು ನಾನು ಓದಲೂ ಇಲ್ಲ, ಜೆರಾಕ್ಸ್ ತೆಗೆದೂ ಇರಲಿಲ್ಲ. ಮೊದಲ ಪುಟ ತುಂಬಿದ್ದು ಮಾತ್ರ ಬೇರೆ ಕೈ. ನಾನು 7 ಬರೆದರೆ ನಡುವೆ ಒಂದು ಅಡ್ಡಗೆರೆ ಹಾಕುತ್ತೇನೆ. ಪ್ರೈಮರಿ ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಕಲಿಸಿದ್ದು, ಇವತ್ತಿಗೂ ಬಿಟ್ಟಿಲ್ಲ. ತುಮಕೂರಿನ ಪಿನ್‌ಕೋಡಲ್ಲಿ ಎರಡನೇ ಅಂಕಿಯೇ 7. 572. ಆ ಪುಟದಲ್ಲಿ 7ಕ್ಕೆ ಗೆರೆ ಇಲ್ಲ. ಡ್ರಾಯರಿನಿಂದ ತಂದಿದ್ದ ಜೆರಾಕ್ಸ್ ಪಕ್ಕಕ್ಕಿಟ್ಟೆ. ಗೆರೆ ಇರುವ 7, ಕೆಳಗೆ 180 ತಿಂಗಳು, 22 ಲಕ್ಷ. ಹುಡುಗ ಎರಡನ್ನೂ ನೋಡಿದ, ಆಮೇಲೆ ಒಳಗಿದ್ದ ಮ್ಯಾನೇಜರ್ ರೂಮಿನ ಕಡೆ ನೋಡಿದ.

ಮ್ಯಾನೇಜರ್ ಹತ್ತಿರ ಒಂದೇ ಕೇಳಿದೆ, ಕೆ.ಎಫ್.ಎಸ್., ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ, ಕೊಡಿ ಅಂತ. ಇದು ಗೊತ್ತಿರಲಿ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಸಾಲಗಳಿಗೆಲ್ಲ ಈ ಹಾಳೆ ಕೊಡಲೇಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಸಾಲದ ಜಾತಕ ಅಂದುಕೊಳ್ಳಿ. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ನೋಡಿ ಯೋಚಿಸೋಕೆ ಕಡಿಮೆ ಅಂದರೂ ಮೂರು ಕೆಲಸದ ದಿನ ಕೊಡಬೇಕು. ನನಗೆ ಕೊಟ್ಟಿದ್ದು ಇಂಗ್ಲಿಷಿನದು, ಇರಲಿ, ಓದಿದೆ. ಅದರಲ್ಲಿ ಇನ್ಶೂರೆನ್ಸ್ ಪ್ರೀಮಿಯಂ 62,000 ಅಂತ ಒಂದು ಸಾಲು, ಸಾಲದ ದುಡ್ಡಿನಲ್ಲೇ ಹಿಡಿದುಕೊಳ್ಳುವಂಥದ್ದು. ಮೇಲೆ ಬಡ್ಡಿ 10.25 ಅಂತ ಇದ್ದರೂ, ಫೀಸು, ಪ್ರೀಮಿಯಂ ಎಲ್ಲ ಸೇರಿಸಿದ ದರ ಅಂತ ಕೆಳಗೆ ಇನ್ನೊಂದು ಅಂಕಿ, ಹತ್ತೂವರೆಗಿಂತ ಮೇಲೆ. ನಾನು ಬೇಡ ಅಂದ ನಾಲ್ಕೂ ಒಂದೇ ಹಾಳೆಯಲ್ಲಿ ಸಾಲಾಗಿ ಕೂತಿದ್ದವು.

ಈ ಸಾಲ ನನಗೆ ಬೇಡ, ದುಡ್ಡು ಬಿಡುಗಡೆ ಮಾಡಬೇಡಿ, ನನ್ನ ಚೆಕ್ಕು ವಾಪಸ್ ಕೊಡಿ ಅಂತ ಅಲ್ಲೇ ಕೂತು ಕನ್ನಡದಲ್ಲಿ ಬರೆದು, ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲ್ ಹಾಕಿಸಿಕೊಂಡೆ. ಸೀಲ್ ಹಾಕೋಕೆ ಮುಕ್ಕಾಲು ಗಂಟೆ ಕಾಯಿಸಿದರು. ಕಾದೆ. ಸೀಲ್ ಇಲ್ಲದ ಅರ್ಜಿ ಕೊಟ್ಟು ಬಂದವರು ಆಮೇಲೆ ನನ್ನ ಅಂಗಡಿ ಮುಂದೆ ನಿಂತು ಅಳುವುದನ್ನು ತುಂಬಾ ನೋಡಿದ್ದೇನೆ.

ಆಮೇಲೆ ಸಿಬಿಲ್ ರಿಪೋರ್ಟ್ ತೆಗೆದೆ. ವರ್ಷಕ್ಕೊಂದು ಸಲ ಪುಕ್ಕಟೆ ಸಿಗುತ್ತದೆ. ಒಂದೇ ವಾರದಲ್ಲಿ ನಾಲ್ಕು ಕಂಪನಿಯವರು ನನ್ನ ಸಾಲದ ಚರಿತ್ರೆ ತೆಗೆದು ನೋಡಿದ್ದರು. ನಾಲ್ಕು ಓಟಿಪಿ, ನಾಲ್ಕು ಕಂಪನಿ. ಸ್ಕೋರು 771 ಇದ್ದದ್ದು 748. ಅದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಆ ನಾಲ್ಕರಲ್ಲಿ ನಾನು ಹೇಳಿದ ಬ್ಯಾಂಕ್ ಇರಲೇ ಇಲ್ಲ. ಅಲ್ಲಿಗೆ ಅವನು ಅರ್ಜಿಯನ್ನೇ ಕೊಟ್ಟಿರಲಿಲ್ಲ.

ಸಂಜೆ ಅಂಗಡಿಗೆ ಬಂದ. ಟೀ ತರಿಸಿದೆ. ಕೋಪ ಇತ್ತು, ಆದರೂ ಟೀ ತರಿಸಿದೆ, ನಮ್ಮ ಕಡೆ ಹಂಗೇ.

"ಯಾಕಪ್ಪಾ ಹಿಂಗ್ ಮಾಡ್ದೆ?"

"ಅಣ್ಣಾ, ನಿಮ್ಮ ಐಟಿಆರ್‌ಗೆ ಆ ಬ್ಯಾಂಕಲ್ಲಿ ಆಗಲ್ಲ ಅನ್ನಿಸ್ತು. ನಿಮ್ಮ ಒಳ್ಳೇದಕ್ಕೇ ಮಾಡ್ದೆ."

"ಅನ್ನಿಸ್ತು ಅಂದ್ರೆ, ಕೇಳಿದ್ಯಾ ಅಲ್ಲಿ?"

ಟೀ ಲೋಟ ತಿರುಗಿಸುತ್ತಾ ಕೂತ. ಆಮೇಲೆ ನಿಧಾನಕ್ಕೆ ಬಾಯಿ ಬಿಟ್ಟ. ಬಿಡುಗಡೆಯಾದ ಸಾಲದ ಮೇಲೆ ಇವನಿಗೆ ಪರ್ಸೆಂಟೇಜು. ಸಾಲ ದೊಡ್ಡದಾದಷ್ಟೂ ಕಮಿಷನ್ನೂ ದೊಡ್ಡದು. ಕೊಡುವ ಪರ್ಸೆಂಟೇಜ್ ಕಂಪನಿಯಿಂದ ಕಂಪನಿಗೆ ಬೇರೆ. ನನ್ನ ಬ್ಯಾಂಕಿನ ಆ ಶಾಖೆಯಲ್ಲಿ ಇವನಿಗೆ ಏಜೆಂಟ್ ಕೋಡೇ ಇರಲಿಲ್ಲ. ಅಲ್ಲಿ ಸಾಲ ಆಗಿದ್ದರೆ ಇವನಿಗೆ ಒಂದು ರೂಪಾಯಿಯೂ ಇಲ್ಲ. ಪೆಟ್ರೋಲ್ ಹಾಕಿಕೊಂಡು ಓಡಾಡೋದು ನನ್ನ ಕೆಲಸಕ್ಕೆ, ಉಣ್ಣೋದು ಕಂಪನಿಯವರ ಮನೆಯಲ್ಲಿ. ನಾಲ್ಕು ಸಲ "ಆಯ್ತಣ್ಣ" ಅಂದದ್ದು "ಕೇಳಿಸ್ತಣ್ಣ" ಅಂತ, "ಮಾಡ್ತೀನಣ್ಣ" ಅಂತ ಅಲ್ಲ. ಮೊದಲೇ "ಆ ಬ್ಯಾಂಕ್ ನನ್ನ ಕೈಲಾಗಲ್ಲ" ಅಂದಿದ್ದರೆ ನನಗೇನೂ ಬೇಜಾರಿರಲಿಲ್ಲ, ಅಲ್ವಾ? ಆ ಒಂದು ಮಾತು ಅವನ ಬಾಯಲ್ಲಿ ಬರಲಿಲ್ಲ.

ಕಂಪನಿಯ ದೂರು ವಿಭಾಗಕ್ಕೆ ಎರಡೂ ಪುಟದ ಸ್ಕ್ಯಾನು, ವಾಟ್ಸಾಪಿನ ಫೋಟೋ ಹಾಕಿ ಮೇಲ್ ಮಾಡಿದೆ. ಸರಿಯಾದ ಉತ್ತರ ಬರದಿದ್ದರೆ ನ್ಯಾಷನಲ್ ಹೌಸಿಂಗ್ ಬ್ಯಾಂಕಿಗೆ ದೂರು ಕೊಡುತ್ತೇನೆ ಅಂತಲೂ ಬರೆದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳ ಮೇಲಿನ ದೂರು ಅಲ್ಲಿಗೆ ಹೋಗುತ್ತದೆ, ಬ್ಯಾಂಕುಗಳ ಮೇಲಿನದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ. ಇಪ್ಪತ್ತಾರನೇ ದಿನ ಖಾತೆಗೆ 5,000 ಬಂತು. ಜಿಎಸ್‌ಟಿಯ 900 ಬರಲಿಲ್ಲ. ಎರಡು ಚೆಕ್ಕು ವಾಪಸ್ ಬಂದವು. ಅವು ಬರೋ ಮೊದಲೇ ಸ್ಟಾಪ್ ಪೇಮೆಂಟ್ ಹಾಕಿದ್ದೆ, ಅದಕ್ಕೂ ಚಾರ್ಜು.

ಬ್ಯಾಂಕಿಗೆ ನಾನೇ ಹೋದೆ. ಮೂರನೇ ಸಲ ಆಫೀಸರ್ ಸೀಟಲ್ಲಿದ್ದರು. ಐಟಿಆರ್ ನೋಡಿ "ಆಗುತ್ತೆ ಬಿಡಿ" ಅಂದರು, ಎರಡು ನಿಮಿಷದ ಮಾತು. ಸಿಬಿಲ್‌ನಲ್ಲಿ ಒಟ್ಟಿಗೆ ನಾಲ್ಕು ಎನ್‌ಕ್ವೈರಿ ಯಾಕೆ ಅಂತ ಮಾತ್ರ ಕೇಳಿದರು, ಬರೆದುಕೊಟ್ಟೆ. ಬ್ಯಾಂಕಿನ ವಕೀಲರ ಅಭಿಪ್ರಾಯ, ಮನೆ ಬೆಲೆ ಕಟ್ಟುವ ಎಂಜಿನಿಯರ್, ಇ-ಖಾತಾದಲ್ಲಿ ಮೇಷ್ಟ್ರ ಹೆಸರಿನ ಇನಿಷಿಯಲ್ ತಪ್ಪಿದ್ದದ್ದು, ಎಲ್ಲ ಸೇರಿ ಐದು ವಾರ. ಅಷ್ಟರಲ್ಲಿ ಕರಾರಿನ ಅವಧಿ ಮುಗಿಯಿತು. ಮೇಷ್ಟ್ರು ಬೇರೆಯವರಾಗಿದ್ದರೆ ಮುಂಗಡ ಮುಳುಗುತ್ತಿತ್ತು. "ಸಾಮಾನು ಕಟ್ಟೋಕೆ ನನಗೂ ಟೈಮ್ ಬೇಕಪ್ಪ, ಇಪ್ಪತ್ತು ದಿನ ತಗೋ" ಅಂದರು. ಆ ಮನೆಯ ಹಿತ್ತಲಲ್ಲಿ ಅವರು ಹಾಕಿದ ಕರಿಬೇವಿನ ಗಿಡ ಇದೆ, ನಾನು ಕಡಿಯಲ್ಲ.

ಈ ಗಲಾಟೆ ನಡೆಯುವಾಗಲೇ, 2025ರ ಫೆಬ್ರವರಿ 7ಕ್ಕೆ, ರಿಸರ್ವ್ ಬ್ಯಾಂಕ್ ರೆಪೋ, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿ ದರವನ್ನು, ಕಾಲು ಪರ್ಸೆಂಟ್ ಇಳಿಸಿತು. ಏಪ್ರಿಲ್‌ನಲ್ಲಿ ಇನ್ನೊಂದು ಕಾಲು, ಜೂನ್‌ನಲ್ಲಿ ಅರ್ಧ. ನನ್ನ ಬ್ಯಾಂಕ್ ಸಾಲ ರೆಪೋಗೆ ಕಟ್ಟಿದ್ದು, ತಾನಾಗೇ ಇಳಿಯಿತು. ಆ ಕಂಪನಿಯದು ಅವರದೇ ದರಕ್ಕೆ ಕಟ್ಟಿದ ಸಾಲ, ಯಾವಾಗ ಎಷ್ಟು ಇಳಿಸಬೇಕು ಅನ್ನೋದು ಅವರ ಕೈಲಿ. ಇಎಂಐ ಕಡಿಮೆ ಮಾಡೋದಾ, ಅವಧಿ ಕಡಿಮೆ ಮಾಡೋದಾ ಅಂತ ಬ್ಯಾಂಕಿನವರು ಕೇಳಿದರು. ಅವಧಿ ಅಂದೆ.

ಏಜೆಂಟ್ ಈಗಲೂ ಜೆರಾಕ್ಸಿಗೆ ಬರುತ್ತಾನೆ. ಮಾತೂ ಆಡುತ್ತೇವೆ. ಚಿಕ್ಕ ಊರು, ಮುಖ ತಿರುಗಿಸಿಕೊಂಡು ಎಷ್ಟು ದಿನ ಇರೋಕಾಗುತ್ತೆ. ಹೋದ ವಾರ ಒಬ್ಬ ಹೆಂಗಸನ್ನು ಕರೆದುಕೊಂಡು ಬಂದಿದ್ದ. ಮಂಡಿಪೇಟೆ ಕಡೆ ಟೈಲರಿಂಗ್ ಮಾಡುವವರಂತೆ. ಅರ್ಜಿಯ ಎರಡು ಪ್ರತಿ ಬೇಕು ಅಂದ. ನಾನು ಮೂರು ತೆಗೆದೆ. ಮೂರನೆಯದನ್ನು ಆಕೆ ಕೈಗೆ ಕೊಟ್ಟೆ.

"ಇದ್ಯಾಕಣ್ಣ ನಂಗೆ?"

"ಇಟ್ಕೊಳಿ ಅಕ್ಕ. ದುಡ್ಡು ಬೇಡ." ಕೊಡುವಾಗ ಕಣ್ಣಿಗೆ ಬಿತ್ತು, ಅವಧಿ ಅನ್ನುವ ಜಾಗ ಖಾಲಿ. "ಎಷ್ಟು ವರ್ಷಕ್ಕೆ ಅಕ್ಕ?"

ಆಕೆ ಏಜೆಂಟನ ಮುಖ ನೋಡಿದರು. ಅವನು ರಸ್ತೆ ನೋಡುತ್ತಿದ್ದ. ನಾನು ಡ್ರಾಯರಿನಿಂದ ನೀಲಿ ಪೆನ್ನು ತೆಗೆದು, ಮೂರೂ ಪ್ರತಿಯ ಜೊತೆ ಅಸಲನ್ನೂ ಆಕೆಯ ಮುಂದಿಟ್ಟೆ.