ಎಷ್ಟು ಸ್ನಾನ ಮಾಡಿಸಿದ್ರೂ ನಾಯಿ ಉಣ್ಣೆ ಯಾಕೆ ಹೋಗಲ್ಲ?

ನಮ್ಮನೇಲಿ ನಾಯಿ ಇದಾವೆ ಅಂತ ಗೊತ್ತಾದವರು ಮೊದಲು ಕೇಳೋದು ಯಾವ ಬ್ರೀಡು ಅಂತ, ಆಮೇಲೆ ಕೇಳೋದು ಇದನ್ನ: "ವಾರ ವಾರ ಸ್ನಾನ ಮಾಡಿಸ್ತೀವಿ, ಉಣ್ಣೆ ಶಾಂಪೂ ಹಾಕ್ತೀವಿ, ಪೌಡರ್ ಹಾಕ್ತೀವಿ, ಕೂತ್ಕೊಂಡು ಒಂದೊಂದೇ ಕೀಳ್ತೀವಿ, ನಾಲ್ಕ್ ದಿನಕ್ಕೆ ಮತ್ತೆ ಅಷ್ಟೇ ಉಣ್ಣೆ. ನೀವೇನ್ ಹಾಕ್ತೀರಾ?" ಕುವೆಂಪುನಗರದಲ್ಲಿ ಬೆಳಗ್ಗೆ ವಾಕಿಂಗಲ್ಲಿ ಸಿಗೋರೂ ಕೇಳ್ತಾರೆ, ಮಂಡ್ಯ ಕಡೆ ಮದುವೆಗೆ ಹೋದ್ರೆ ಊಟದ ಪಂಕ್ತೀಲೇ ಪಕ್ಕದಲ್ಲಿ ಕೂತ ನೆಂಟರೂ ಕೇಳ್ತಾರೆ (ಉಣ್ಣೆ ಬಗ್ಗೆ ಮಾತಾಡ್ಕೊಂಡು ಪಾಯಸ ತಿನ್ನೋದು ಅಭ್ಯಾಸ ಆಗ್ಬಿಟ್ಟಿದೆ ನಂಗೆ).

ಒಂದೇ ಮಾತಲ್ಲಿ ಹೇಳೋದಾದ್ರೆ, ನೀವು ನಾಯಿ ತೊಳೀತಿದೀರ, ಉಣ್ಣೆ ಇರೋದು ಗೋಡೇಲಿ.

ಇದನ್ನ ಹೇಳಿದ್ರೆ ಸುಮಾರು ಜನ ನಂಬಲ್ಲ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ಕಡೆ ನಾಯಿಗಳಿಗೆ ಹತ್ತೋದು ಹೆಚ್ಚುಕಮ್ಮಿ ಎಲ್ಲಾ ಒಂದೇ ಜಾತಿ ಕಂದು ಬಣ್ಣದ ಉಣ್ಣೆ. ಇದು ಹುಟ್ಟಿದಾಗ ಆರು ಕಾಲಿನ ಸಣ್ಣ ಮರಿ, ಕಣ್ಣಿಗೆ ಸರಿಯಾಗಿ ಕಾಣೋದೂ ಇಲ್ಲ. ನಾಯಿ ಮೇಲೆ ಹತ್ತಿ ರಕ್ತ ಕುಡಿದು ಕೆಳಗೆ ಬೀಳುತ್ತೆ, ಯಾವುದಾದ್ರೂ ಸಂದೀಲಿ ಸೇರ್ಕೊಂಡು ಪೊರೆ ಬಿಟ್ಟು ಎಂಟು ಕಾಲು ಬಂದು ಮತ್ತೆ ನಾಯಿ ಹತ್ತುತ್ತೆ, ಮತ್ತೆ ಕುಡಿದು ಬೀಳುತ್ತೆ, ಮತ್ತೆ ಪೊರೆ, ಆಮೇಲೆ ದೊಡ್ಡ ಉಣ್ಣೆಯಾಗಿ ಮೂರನೇ ಸಲ ಹತ್ತುತ್ತೆ. ಹೆಣ್ಣು ಉಣ್ಣೆ ಒಂದು ವಾರದಷ್ಟು ಕಚ್ಚಿಕೊಂಡೇ ಇದ್ದು ಹರಳು ಬೀಜದ ಥರ ಬೂದು ಬಣ್ಣಕ್ಕೆ ಊದ್ಕೊಳುತ್ತಲ್ಲ, ಅದನ್ನೇ ನೀವು ನೋಡಿ "ಅಯ್ಯೋ ಉಣ್ಣೆ ಆಗಿದೆ" ಅನ್ನೋದು. ಅದು ಉದುರಿ ಬಿದ್ದು ಮೊಟ್ಟೆ ಇಡೋದು ಗೋಡೆ ಬಿರುಕಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ, ಕಲ್ಲು ಚಪ್ಪಡಿ ಸಂದೀಲಿ. ಒಂದೊಂದು ಹೆಣ್ಣು ಸಾವಿರಗಟ್ಲೆ ಮೊಟ್ಟೆ ಇಡುತ್ತೆ, ಇಟ್ಟು ಸಾಯುತ್ತೆ. ಅಂದ್ರೆ ಅದರ ಜೀವನದಲ್ಲಿ ನಾಯಿ ಮೇಲೆ ಇರೋದು ಸ್ವಲ್ಪ ದಿನ ಅಷ್ಟೇ, ಮಿಕ್ಕಿದ್ದೆಲ್ಲಾ ನಿಮ್ಮ ಮನೇಲಿ. ಊಟ ಸಿಗದೇ ಹೋದ್ರೂ ತಿಂಗಳುಗಟ್ಲೆ ಹಾಗೇ ಕಾಯ್ಕೊಂಡಿರುತ್ತೆ.

ಇನ್ನೊಂದು ವಿಷಯ, ಇದು ಮೇಲಕ್ಕೆ ಹತ್ತೋ ಜೀವಿ. ನಮ್ಮ ಬೀದೀಲೇ ಒಬ್ರ ಮನೇಲಿ ಸಾಯಂಕಾಲ ಟಾರ್ಚ್ ಹಾಕಿ ತೋರಿಸಿದೆ. ಕಾಂಪೌಂಡ್ ಗೋಡೆಗೆ ಒತ್ತಿಸಿ ಇಟ್ಟ ಕಬ್ಬಿಣದ ಗೂಡು, ಮೇಲೆ ಶೀಟು, ಒಳಗೆ ಹಾಸೋಕೆ ಗೋಣಿಚೀಲ. ಗೂಡನ್ನ ಗೋಡೆಯಿಂದ ಒಂದು ಗೇಣು ಎಳೆದು ಬೆಳಕು ಬಿಟ್ರೆ ಪ್ಲಾಸ್ಟರ್ ಸೀಳಿರೋ ಉದ್ದಕ್ಕೂ ಸಾಲಾಗಿ ಮೇಲಕ್ಕೆ ಹೋಗ್ತಾ ಇದಾವೆ, ಸಣ್ಣವು ದೊಡ್ಡವು ಎಲ್ಲಾ, ಶೀಟ್ ಕೆಳಗಿನ ಮೂಲೇಲಿ ಗುಂಪು ಕಟ್ಕೊಂಡಿದಾವೆ. ಗೋಣಿಚೀಲದ ಹೊಲಿಗೆ ಬಿಡಿಸಿದ್ರೆ ಅಲ್ಲೂ ಇದಾವೆ. ಅವರ ಮನೆ ಆಂಟಿ "ಹೋದ್ ಭಾನುವಾರ ತಾನೇ ಶಾಂಪೂ ಹಾಕಿ ತೊಳ್ದಿದೀವಲ್ರೀ" ಅಂತಾನೇ ಇದ್ರು. ತೊಳೆದ ನಾಯೀನ ಒರೆಸಿ ವಾಪಸ್ ಅದೇ ಗೂಡಿಗೆ ಕಟ್ಟಿದ್ರೆ ಶಾಂಪೂ ಏನ್ ಮಾಡುತ್ತೆ ಪಾಪ.

ಹಾಗಾಗಿ ಗೂಡಿಂದ ಶುರು ಮಾಡಿ. ಗೋಣಿಚೀಲ, ಹಳೇ ಬೆಡ್‌ಶೀಟು ಎಲ್ಲಾ ತೆಗೆದು ಸುಟ್ಟಾಕಿ, ಇಲ್ಲಾ ಕುದಿಯೋ ನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಗೋಡೆ ಬಿರುಕಿಗೆ ಸಿಮೆಂಟ್ ಮೆತ್ತಿ, ಹಳೇ ಮನೆ ಆದ್ರೆ ಗಟ್ಟಿಯಾಗಿ ಸುಣ್ಣ ಹೊಡೆಸಿದ್ರೂ ಸಣ್ಣ ಬಿರುಕು ಸುಮಾರು ಮುಚ್ಚುತ್ತೆ. ಗೂಡು ಗೋಡೆಗೆ ತಗುಲದ ಹಾಗೆ ಇರ್ಲಿ. ಹಳ್ಳಿ ಮನೇಲಾದ್ರೆ ಜಗಲಿ ಪಕ್ಕ ರಾಶಿ ಹಾಕಿರೋ ಸೌದೆ, ಕಾಯಿ ಸಿಪ್ಪೆ ಎಲ್ಲಾ ನಾಯಿ ಮಲಗೋ ಜಾಗದಿಂದ ದೂರ ಹಾಕಿ. ಸ್ಪ್ರೇ ಹೊಡೆಯೋದಾದ್ರೆ ನಾಯೀನ ಬೇರೆ ಕಡೆ ಕಟ್ಟಿ, ಪೂರ್ತಿ ಒಣಗಿದ ಮೇಲೆ ಕರ್ಕೊಂಡ್ ಬನ್ನಿ, ಮತ್ತೆ ಎರಡು ಮೂರು ವಾರ ಬಿಟ್ಟು ಇನ್ನೊಂದ್ ಸಲ ಹೊಡೀರಿ ಯಾಕಂದ್ರೆ ಮೊಟ್ಟೆಗೆ ಔಷಧಿ ತಾಗಲ್ಲ, ಅದು ಒಡೆದು ಮರಿ ಬಂದ ಮೇಲೇನೇ ಸಾಯೋದು. ಒಂದ್ಸಲ ಹೊಡೆದು "ಔಷಧಿ ಡೂಪ್ಲಿಕೇಟು" ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗೋರೇ ಜಾಸ್ತಿ.

ಮನೇಲಿ ಬೆಕ್ಕು ಇದ್ರೆ ಮಾತ್ರ ಹುಷಾರು. ಪರ್ಮೆಥ್ರಿನ್, ಡೆಲ್ಟಾಮೆಥ್ರಿನ್ ಇರೋ ಔಷಧಿ ನಾಯಿಗೆ ಏನೂ ಮಾಡದೇ ಇದ್ರೂ ಬೆಕ್ಕಿಗೆ ವಿಷ. ನಾಯಿಗೆ ಹಚ್ಚಿದ್ದು ಬೆಕ್ಕು ಮೈ ತಿಕ್ಕಿದ್ರೂ ಸಾಕು.

ಈಗ ನಾಯಿ ಮೈ ವಿಷಯ. ನಾನು ಡಾಕ್ಟ್ರಲ್ಲ, ಆದ್ರೆ ನನ್ನನ್ನ ಕೇಳಿದ್ರೆ ದುಡ್ಡು ಹಾಕೋದಾದ್ರೆ ಶಾಂಪೂಗಿಂತ ನಾಯಿಗೆ ತಿನ್ನಿಸೋ ಉಣ್ಣೆ ಮಾತ್ರೆಗೆ ಹಾಕಿ. ಬ್ರಾವೆಕ್ಟೊ ಒಂದು ಮಾತ್ರೆ ಸುಮಾರು 12 ವಾರ ಬರುತ್ತೆ, ನೆಕ್ಸ್‌ಗಾರ್ಡ್ ತಿಂಗಳಿಗೊಂದು, ಸಿಂಪಾರಿಕಾ 35 ದಿನ. ಎಲ್ಲಾ ನಾಯಿ ತೂಕದ ಮೇಲೆ, ಅದಕ್ಕೆ ತೂಕ ಹಾಕಿಸದೇ "ಲ್ಯಾಬ್ರಡಾರ್‌ಗೆ ಒಂದ್ ಕೊಡಿ" ಅಂತ ತರಬೇಡಿ. ಫಿಟ್ಸ್ ಬರೋ ನಾಯಿ ಆದ್ರೆ ಡಾಕ್ಟ್ರಿಗೆ ಮೊದಲೇ ಹೇಳಿ, ಈ ಗುಂಪಿನ ಮಾತ್ರೆಗಳಿಂದ ಕೆಲವು ನಾಯಿಗಳಿಗೆ ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ. ಮಾತ್ರೆ ಕೊಟ್ಟ ಮೇಲೂ ನಾಯಿ ಮೇಲೆ ಉಣ್ಣೆ ಕಾಣುತ್ತೆ, ಗಾಬರಿ ಆಗ್ಬೇಡಿ. ಔಷಧಿ ಇರೋದು ರಕ್ತದಲ್ಲಿ, ಉಣ್ಣೆ ಕಚ್ಚಿದ ಮೇಲೇನೇ ಸಾಯೋದು. ಕಂಡಿದ್ದನ್ನ ಕಿತ್ತು ನೋಡಿ, ಒಣಗಿ ಚಪ್ಪಟೆ ಆಗಿದ್ರೆ ಮಾತ್ರೆ ಕೆಲಸ ಮಾಡ್ತಿದೆ ಅಂತ ಅರ್ಥ. ಹಾಗೆ ಬಂದು ಬಂದು ಕಚ್ಚಿ ಸತ್ತೇ ಮನೆಯಲ್ಲಿರೋ ಉಣ್ಣೆ ಖಾಲಿ ಆಗ್ಬೇಕು, ಅದಕ್ಕೆ ಎರಡು ಮೂರು ತಿಂಗಳಾದ್ರೂ ಬೇಕು. ಮಧ್ಯದಲ್ಲಿ ಒಂದು ಡೋಸ್ ತಪ್ಪಿಸಿದ್ರೆ ಮತ್ತೆ ಮೊದಲಿಂದ.

ಕುತ್ತಿಗೆ ಹಿಂದೆ ಬಿಡೋ ಡ್ರಾಪ್ಸ್ ಕೂಡ ಪರವಾಗಿಲ್ಲ, ಆದ್ರೆ ಕೂದಲ ಮೇಲೆ ಬಿಟ್ರೆ ದಂಡ, ಕೂದಲು ಸರಿಸಿ ಚರ್ಮಕ್ಕೆ ಬಿಡ್ಬೇಕು, ಹಿಂದೆ ಮುಂದೆ ಎರಡು ದಿನ ಸ್ನಾನ ಬೇಡ. ಇಲ್ಲೇ ನೋಡಿ ತಮಾಷೆ, ವಾರ ವಾರ ಸ್ನಾನ ಮಾಡಿಸೋರೇ ಇದನ್ನ ಹಾಕೋದು, ಇವರೇ ತೊಳೆದು ಕಳಿಯೋದು. ಉಣ್ಣೆ ಬೆಲ್ಟು ಕಟ್ಟೋರು ಎರಡು ಬೆರಳು ಹೋಗೋಷ್ಟು ಬಿಟ್ಟು ಕಟ್ಟಿ, ಉಳಿದಿದ್ದನ್ನ ಕತ್ತರಿಸಿ ಬಿಸಾಕಿ, ಇಲ್ಲಾಂದ್ರೆ ಇನ್ನೊಂದು ನಾಯಿ ಅದನ್ನ ಅಗಿಯುತ್ತೆ.

ನಮ್ಮ ಮಾವ ಒಬ್ರು ಮದ್ದೂರು ಕಡೆ, ಕಬ್ಬು, ಎರಡು ಸೀಮೆಹಸು, ಒಂದು ನಾಯಿ. ಮಾತ್ರೆ ರೇಟ್ ಕೇಳಿ "ಏನ್ಲಾ ಇದು, ನಾಯಿ ಮಾತ್ರೆಗೆ ಇಷ್ಟ್ ದುಡ್ಡಾ? ಹಸೀಗ್ ಹಾಕೋ ಔಸ್ದಿ ಕೊಟ್ಗೇಲೇ ಅದೆ, ಅದ್ನೇ ಬಳ್ದ್ರಾಯ್ತು" ಅಂದ್ರು. "ಬಳೀಬೌದು ಮಾವ, ಆದ್ರೆ ಅಳತೆ ಬೇರೆ, ಹಸುಗೆ ಕಲ್ಸೋ ಲೆಕ್ಕದಲ್ಲಿ ನಾಯಿಗೆ ಬಳಿದ್ರೆ ಅದು ಮೈಯೆಲ್ಲಾ ನೆಕ್ಕಿ ನೊರೆ ಸುರಿಸ್ತಾ ಬಿದ್ಕತದೆ" ಅಂದೆ. ಇದು ಹೆದರಿಸೋಕೆ ಹೇಳಿದ್ದಲ್ಲ, ಹಳ್ಳಿ ಕಡೆ ಇದೇ ದೊಡ್ಡ ತೊಂದರೆ. ಅಮಿಟ್ರಾಜ್ ಆಗ್ಲಿ ಡೆಲ್ಟಾಮೆಥ್ರಿನ್ ಆಗ್ಲಿ, ದನದ ಆಸ್ಪತ್ರೆ ಡಾಕ್ಟ್ರನ್ನ ಕೇಳಿದ್ರೆ ನಾಯಿಗೆ ಎಷ್ಟು ನೀರಿಗೆ ಎಷ್ಟು ಅಂತ ಹೇಳ್ತಾರೆ, ಮಾತ್ರೆ ತರೋಕಾಗದವರಿಗೆ ಅದೂ ಒಂದು ದಾರಿ. ಅಂದಾಜಲ್ಲಿ ಮುಚ್ಚಳ ಲೆಕ್ಕ ಬೇಡ, ಗಾಯ ಇದ್ದಾಗ ಬೇಡ, ಒಣಗೋ ತನಕ ನೆಕ್ಕೋಕೆ ಬಿಡಬೇಡಿ. ಇನ್ನು ಮಾವನಿಗೆ ಇದ್ದ ಇನ್ನೊಂದು ಅನುಮಾನ, ಹಸುವಿಂದ ನಾಯಿಗೆ ಬಂತು ಅಂತ. ಹಸು ಮೈಯಲ್ಲಿ ಸಾಮಾನ್ಯವಾಗಿ ಇರೋದು ಬೇರೆ ಜಾತಿ, ಅದು ಮರಿಯಿಂದ ದೊಡ್ಡದಾಗೋ ತನಕ ಹಸು ಮೇಲೇನೇ ಇರುತ್ತೆ. ನಾಯಿದು ನಾಯಿಯಿಂದಾನೇ ಬರೋದು, ಗೇಟ್ ಹತ್ರ ಬಂದು ಮಲಗೋ ಬೀದಿನಾಯಿ ಇಂದ, ಪಕ್ಕದ ಖಾಲಿ ಸೈಟಿಂದ.

ಮನೆಮದ್ದು ಬಗ್ಗೆ ಕೇಳಿದ್ರೆ ನಂಗೆ ಸಿಟ್ಟು ಬರುತ್ತೆ, ಅದಕ್ಕೆ ಬೇಗ ಹೇಳಿ ಮುಗಿಸ್ತೀನಿ. ಬೇವಿನ ಎಣ್ಣೆ ಹಚ್ಚಿ, ಬೇಡ ಅನ್ನಲ್ಲ, ಅದನ್ನೇ ನಂಬ್ಕೊಂಡು ಕೂರಬೇಡಿ. ಬೆಳ್ಳುಳ್ಳಿ ತಿನ್ನಿಸಬೇಡಿ, ಈರುಳ್ಳಿ ಬೆಳ್ಳುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆದು ಹಾಕುತ್ತೆ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಹಚ್ಚೋದು ತುಂಬಾ ಕಡೆ ನೋಡಿದೀನಿ, ಅದನ್ನ ನಾಯಿ ನೆಕ್ಕುತ್ತೆ, ಕರ್ಪೂರ ಹೊಟ್ಟೆಗೆ ಹೋದ್ರೆ ವಿಷ. ಗೂಡಲ್ಲಿ ನುಸಿ ಗುಳಿಗೆ, ಮೈಗೆ ಸೀಮೆಎಣ್ಣೆ, ಸ್ನಾನದ ನೀರಿಗೆ ಫಿನಾಯಿಲ್, ಇದ್ಯಾವುದೂ ಬೇಡ. ಕಚ್ಚಿಕೊಂಡಿರೋ ಉಣ್ಣೆಗೆ ಊದುಬತ್ತಿ ತಾಗಿಸೋದಂತೂ ಬೇಡವೇ ಬೇಡ.

ಕೀಳೋಕೆ ಒಂದು ಸಣ್ಣ ಚಿಮುಟ ಸಾಕು, ಚೂಪು ಮೂತಿದು. ರಾತ್ರಿ ಊಟ ಹಾಕಿದ ಮೇಲೆ ನಾಯಿ ಸಮಾಧಾನವಾಗಿ ಮಲಗಿದಾಗ ಕಿವಿ ಒಳಗೆ, ಕಾಲ್ಬೆರಳ ಸಂದಿ, ಕೊರಳ ಪಟ್ಟಿ ಕೆಳಗೆ, ಕಂಕುಳು, ಬಾಲದ ಬುಡ ಬೆರಳಲ್ಲಿ ಸವರಿ ನೋಡಿ. ಕೂದಲು ಜಾಸ್ತಿ ಇದ್ರೆ ಕಣ್ಣಿಗಿಂತ ಬೆರಳಿಗೇ ಬೇಗ ಸಿಗೋದು. ಚಿಮುಟಾನ ಚರ್ಮಕ್ಕೆ ಒತ್ತಿಸಿ ಉಣ್ಣೆ ಬಾಯಿ ಹತ್ರ ಹಿಡಿದು ನಿಧಾನ ನೇರವಾಗಿ ಎಳೀರಿ, ತಿರುಚಬೇಡಿ, ಹೊಟ್ಟೆ ಹಿಸುಕಬೇಡಿ. ಕಿತ್ತಿದ್ದನ್ನ ಕಲ್ಲಲ್ಲಿ ಅರೆಯೋದು, ಉಗುರಲ್ಲಿ ಕುಟ್ಟೋದು ಬಿಟ್ಟು ಸ್ಪಿರಿಟ್ ಇರೋ ಸಣ್ಣ ಬಾಟ್ಲಿಗೆ ಹಾಕಿ, ಆ ರಕ್ತ ಕೈಗೆ ತಾಗಿಸ್ಕೊಳ್ಳೋ ದರ್ದು ಏನಿದೆ. ಮಂಗನ ಕಾಯಿಲೆ ಇದರಿಂದಾನೇ ಬರೋದಾ ಅಂತ ಕೇಳ್ತಾರೆ, ಅಲ್ಲ. ಅದು 1957ರಲ್ಲಿ ಶಿವಮೊಗ್ಗದ ಕ್ಯಾಸನೂರು ಕಾಡಲ್ಲಿ ಮೊದಲು ಗೊತ್ತಾಗಿದ್ದು, ಅದನ್ನ ಹರಡೋ ಉಣ್ಣೆ ಬೇರೆ, ಕಾಡಿಂದು.

ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಳೋದು ತುರಿಕೆಗಲ್ಲ, ಟಿಕ್ ಫೀವರ್‌ಗೆ, ಅಂದ್ರೆ ಉಣ್ಣೆ ಕಚ್ಚಿ ಬರೋ ಜ್ವರಕ್ಕೆ. ನಮ್ಮ ಕಡೆ ಇದನ್ನ ತರೋ ರೋಗಾಣುಗಳಲ್ಲಿ ಎರ್ಲಿಕಿಯಾ, ಬೆಬೀಸಿಯಾ ಅಂತ ಎರಡು ಮುಖ್ಯ. ಎರ್ಲಿಕಿಯಾ ಉಣ್ಣೆ ಕಚ್ಚಿದ ಕೆಲವೇ ಗಂಟೇಲಿ ದಾಟಿಬಿಡಬಹುದು, ಹಾಗಾಗಿ ಭಾನುವಾರ ಕೂತು ಕೀಳ್ತೀನಿ ಅನ್ನೋದು ನಡೆಯಲ್ಲ. ಇದನ್ನ 1935ರಲ್ಲಿ ಅಲ್ಜೀರಿಯಾದಲ್ಲಿ ಮೊದಲು ಗುರುತಿಸಿದ್ದು, ಆಮೇಲೆ ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕ ಸೇನೆಯ ಎಷ್ಟೋ ಜರ್ಮನ್ ಶೆಫರ್ಡ್‌ಗಳು ಇದರಲ್ಲೇ ಸತ್ತವು. ಆ ತಳಿಗೆ ಇದು ಬೇರೆಯವಕ್ಕಿಂತ ಜೋರಾಗಿ ಬರುತ್ತೆ, ಮೈಸೂರಲ್ಲಿ ಜರ್ಮನ್ ಶೆಫರ್ಡ್ ಸಾಕಿರೋರು ಗಮನ ಇಡಿ. ಊಟ ಬಿಟ್ಟು ಮೂಲೆ ಸೇರೋದು, ಜ್ವರ, ಒಸಡು ಬಿಳಿಚಿಕೊಳ್ಳೋದು, ಹೊಟ್ಟೆ ಚರ್ಮದ ಮೇಲೆ ಕೆಂಪು ಚುಕ್ಕೆ, ಮೂಗಲ್ಲಿ ರಕ್ತ, ಉಚ್ಚೆ ಕಾಫಿ ಬಣ್ಣ, ಇದ್ರಲ್ಲಿ ಯಾವುದು ಕಂಡ್ರೂ ಅವತ್ತೇ ಕರ್ಕೊಂಡ್ ಹೋಗಿ ರಕ್ತ ಟೆಸ್ಟ್ ಮಾಡಿಸಿ. ಜ್ವರ ಅಂತ ಮೈ ಮುಟ್ಟಿ ಹೇಳೋಕಾಗಲ್ಲ, ನಾಯಿ ಮೈ ನಮಗಿಂತ ಬಿಸಿನೇ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ನಾರ್ಮಲ್. ನಿಮ್ಮ ಮನೇಲಿರೋ ಜ್ವರದ ಮಾತ್ರೆ ಮಾತ್ರ ಹಾಕಬೇಡಿ, ಪ್ಯಾರಸಿಟಮಾಲ್, ಐಬುಪ್ರೊಫೆನ್ ಎರಡೂ ನಾಯಿಗೆ ಅಪಾಯ.

ಎರ್ಲಿಕಿಯಾಗೆ ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಬರ್ಕೊಡ್ತಾರೆ, 28 ದಿನ. ನಾಲ್ಕನೇ ದಿನಕ್ಕೆ ನಾಯಿ ಎದ್ದು ಬಾಲ ಅಲ್ಲಾಡಿಸಿ ಮುದ್ದೆ ತಿನ್ನುತ್ತೆ, ಅಲ್ಲಿಗೆ ಮನೆಯವರು ಮಾತ್ರೆ ನಿಲ್ಲಿಸ್ತಾರೆ, ಎರಡು ತಿಂಗಳಿಗೆ ಪ್ಲೇಟ್‌ಲೆಟ್ ಬಿದ್ದು ವಾಪಸ್. ಬರ್ಕೊಟ್ಟಷ್ಟು ದಿನ ಪೂರ್ತಿ ಆಗೋ ತನಕ ಕೊಡಿ. ಹಾಲು ಮೊಸರನ್ನಕ್ಕೆ ಸೇರಿಸಿ ಕೊಡೋದು ಬೇಡ, ಹಾಲಿನ ಕ್ಯಾಲ್ಸಿಯಂ ಔಷಧೀನ ಹಿಡ್ಕೊಳುತ್ತೆ, ಬೇರೆ ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಬೆಬೀಸಿಯಾಗೆ ಔಷಧಿ ಬೇರೆ, ಅದಕ್ಕೇ ಟೆಸ್ಟ್ ಮಾಡಿಸದೇ ಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ತರಬಾರದು.

ಬೀದಿನಾಯಿಗೆ ದಿನಾ ಊಟ ಹಾಕೋರು ಕೆಲವರು ಕೇಳ್ತಾರೆ, ಅವಕ್ಕೂ ಮಾತ್ರೆ ಕೊಡಬಹುದಾ ಅಂತ. ಕೊಡಿ, ಗೇಟ್ ಮುಂದೆ ಮಲಗೋ ಆ ಒಂದು ಎರಡಕ್ಕೆ ಕೊಟ್ರೆ ನಿಮ್ಮ ನಾಯಿಗೂ ಒಳ್ಳೇದು, ತೂಕ ಮಾತ್ರ ಅಂದಾಜು ಮಾಡ್ಕೊಂಡು ಡಾಕ್ಟ್ರನ್ನ ಕೇಳಿ.

ಇನ್ನು ತೀರಾ ಚಿಕ್ಕ ಮರಿ ಇರೋರು. ಎಂಟು ವಾರ ಆಗದೇ ಇರೋ ಮರಿಗೆ ಮಾತ್ರೆ, ಡ್ರಾಪ್ಸ್, ಬೆಲ್ಟು ಏನೂ ನೀವಾಗೇ ಹಾಕ್ಬೇಡಿ. ಹೇನಿನ ಬಾಚಣಿಗೇಲಿ ಬಾಚಿ, ಕಂಡಿದ್ದು ಚಿಮುಟದಲ್ಲಿ ತೆಗೀರಿ, ಹಾಸೋ ಬಟ್ಟೆ ದಿನಾ ಬದಲಾಯ್ಸಿ. ಒಸಡು ಬಿಳಿ ಆಗಿದ್ರೆ ನಾಳೆ ನೋಡೋಣ ಅನ್ನಬೇಡಿ, ಅಷ್ಟು ಸಣ್ಣ ಮೈಯಲ್ಲಿ ಉಣ್ಣೆ ಕುಡಿಯೋ ರಕ್ತವೇ ಜಾಸ್ತಿ ಆಗ್ಬಿಡುತ್ತೆ. ಹಾಲು ಕೊಡ್ತಿರೋ ತಾಯಿಗೆ ಯಾವ ಔಷಧಿ ಆಗುತ್ತೆ ಅನ್ನೋದನ್ನೂ ಅದೇ ಸಲ ಡಾಕ್ಟ್ರ ಹತ್ರ ಕೇಳ್ಕೊಂಡ್ ಬನ್ನಿ.