ಮಂತ್ರವಿಲ್ಲದೆ ಮಾವನನ್ನು ಕಳಿಸಿಕೊಟ್ಟ ದಿನ

ಕಳೆದ ಚಳಿಗಾಲದಲ್ಲಿ ಎಡಿನ್‌ಬರೋದ ನಮ್ಮ ಮನೆಯಲ್ಲೇ ಮಾವ ತೀರಿಕೊಂಡರು. ಅವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಓದಿದವರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ ಎಚ್. ನರಸಿಂಹಯ್ಯನವರ ಬಗ್ಗೆ ಅಪಾರ ಗೌರವ ಇಟ್ಟುಕೊಂಡಿದ್ದರು. ‘ನನಗೆ ಮಂತ್ರ, ತಿಥಿ ಏನೂ ಬೇಡ’ ಎಂದು ಮೊದಲೇ ಹೇಳಿದ್ದರು.

ಊರಿನಿಂದ ಚಿಕ್ಕಮಾವ ಫೋನ್ ಮಾಡಿದರು. ‘ಮಂತ್ರ ಬೇಡ ಸರಿ, ಮತ್ತೆ ಏನು ಮಾಡ್ತೀರಿ? ಸುಮ್ನೆ ಸುಟ್ಟು ಬರ್ತೀರಾ?’ ನನಗೆ ಉತ್ತರ ಗೊತ್ತಿರಲಿಲ್ಲ.

ಅಂತ್ಯಕ್ರಿಯೆಯ ವ್ಯವಸ್ಥೆ ಮಾಡುವವರು ಹ್ಯೂಮನಿಸ್ಟ್ ಸೊಸೈಟಿ ಸ್ಕಾಟ್‌ಲೆಂಡ್‌ಗೆ ಫೋನ್ ಮಾಡಲು ಹೇಳಿದರು. ಅದು ದೇವರು, ಧರ್ಮ ನಂಬದೆ ಬದುಕುವವರ ಸಂಘ. ಮಾರನೇ ದಿನ ಒಬ್ಬ ಹೆಂಗಸು ಬಂದರು. ಇಂಥ ಕಾರ್ಯ ನಡೆಸಿಕೊಡುವವರನ್ನು ಇಲ್ಲಿ ಸೆಲೆಬ್ರೆಂಟ್ ಎನ್ನುತ್ತಾರೆ. ಅಡುಗೆಮನೆಯ ಮೇಜಿನ ಹತ್ತಿರ ಎರಡು ಗಂಟೆ ಕೂತರು. ಮಾವನಿಗೆ ಯಾವುದಕ್ಕೆ ಸಿಟ್ಟು ಬರುತ್ತಿತ್ತು, ಭಾನುವಾರ ಏನು ಮಾಡುತ್ತಿದ್ದರು, ಏನು ಇಷ್ಟಪಟ್ಟು ತಿನ್ನುತ್ತಿದ್ದರು, ಎಲ್ಲ ಕೇಳಿದರು. ‘ಹುರುಳಿಕಾಳು ಬಸ್ಸಾರು’ ಎಂಬುದನ್ನು ಸರಿಯಾಗಿ ಹೇಳಲು ಬರುವವರೆಗೂ ನನ್ನ ಕೈಯಲ್ಲಿ ಮತ್ತೆ ಮತ್ತೆ ಹೇಳಿಸಿದರು. ಮಾವನ ನಂಬಿಕೆ ಏನಿತ್ತು ಎಂದು ಕೇಳಿ ತಿಳಿದುಕೊಂಡರು. ನಮ್ಮದೇನು ಎಂದು ಒಮ್ಮೆಯೂ ಕೇಳಲಿಲ್ಲ.

ಚಿತಾಗಾರದಲ್ಲಿ ಅವರು ಮಾವನ ಬದುಕಿನ ಕತೆ ಹೇಳಿದರು. ನಡುವೆ ಒಂದು ನಿಮಿಷ ಮೌನ. ‘ಪ್ರಾರ್ಥನೆ ಮಾಡಬೇಕು ಅನಿಸಿದವರು ಮನಸ್ಸಿನಲ್ಲೇ ಮಾಡಿಕೊಳ್ಳಿ’ ಎಂದರು. ಅತ್ತೆ ದೈವಭಕ್ತೆ. ಕಣ್ಣು ಮುಚ್ಚಿ ರಾಮ ರಾಮ ಅಂದುಕೊಂಡರು. ಮಾವನ ಮಾತೂ ಉಳಿಯಿತು, ಅತ್ತೆಯ ಮನಸ್ಸೂ ಉಳಿಯಿತು. ನಾಸ್ತಿಕರ ಸಂಘವೆಂದರೆ ಬರೀ ವಾದ ಮಾಡುವವರು ಅಂದುಕೊಂಡಿದ್ದೆ. ನನ್ನ ತಿಳಿವಳಿಕೆ ತಪ್ಪಾಗಿತ್ತು.

ಇವರು ಮಗುವಿಗೆ ಹೆಸರಿಡುವ ಕಾರ್ಯವನ್ನೂ ನಡೆಸುತ್ತಾರೆ. ಮದುವೆಯನ್ನೂ ಮಾಡಿಸುತ್ತಾರೆ. ಸ್ಕಾಟ್‌ಲೆಂಡಿನಲ್ಲಿ 2005ರಿಂದ ಆ ಮದುವೆಗೆ ಕಾನೂನಿನ ಮಾನ್ಯತೆಯೂ ಇದೆ. 2022ರ ಜನಗಣತಿಯಲ್ಲಿ ಇಲ್ಲಿನ ಶೇ 51 ಜನ ತಮಗೆ ಧರ್ಮವಿಲ್ಲ ಎಂದು ಬರೆಸಿದ್ದಾರೆ. ಅಷ್ಟು ಜನರಿಗೂ ಹುಟ್ಟು, ಮದುವೆ, ಸಾವು ಇದ್ದದ್ದೇ ಅಲ್ವಾ?

ಆಮೇಲೆ ನಾನು ಆ ಸೊಸೈಟಿಯ ಒಂದು ಸಭೆಗೆ ಹೋದೆ. ನಮ್ಮ ಕಡೆಯವರು ಒಬ್ಬರೂ ಇರಲಿಲ್ಲ, ಅದೊಂದು ಬೇಸರ. ಆದರೆ ಪಕ್ಕದಲ್ಲಿ ಕೂತ ಅಜ್ಜ ತಾವೇ ಚಹಾ ತಂದುಕೊಟ್ಟು, ಮಾವನ ಬಗ್ಗೆ ಹೇಳಿ ಎಂದರು. ಹೊತ್ತು ಹೋದದ್ದೇ ತಿಳಿಯಲಿಲ್ಲ.

ಸೆಲೆಬ್ರೆಂಟ್ ತಮ್ಮ ಮಾತುಗಳನ್ನು ಅಚ್ಚು ಹಾಕಿಸಿ ನಮಗೇ ಕೊಟ್ಟಿದ್ದರು. ನಾನು ಅದನ್ನು ಅತ್ತೆಗಾಗಿ ಕನ್ನಡದಲ್ಲಿ ಬರೆದುಕೊಟ್ಟೆ. ಅವರು ಚಿಕ್ಕಮಾವನಿಗೆ ಫೋನ್ ಮಾಡಿ ಪೂರ್ತಿ ಓದಿ ಹೇಳಿದರು. ಬಸ್ಸಾರಿನ ಭಾಗವನ್ನು ಎರಡು ಸಲ ಓದಿದರು.