‘ಲಿಸ್ಟಿನಲ್ಲಿ ಅವಳದು ಎಷ್ಟನೇ ನಂಬರ್?’

ನನ್ನ ಮಗಳಿಗೆ ಈಗ 15 ವರ್ಷ. ಹೃದಯ ಕಸಿಗಾಗಿ ಅವಳ ಹೆಸರನ್ನು ಆಸ್ಪತ್ರೆಯ ಮೂಲಕ ‘ಜೀವಸಾರ್ಥಕತೆ’ಯಲ್ಲಿ, ಅಂದರೆ ಕರ್ನಾಟಕದಲ್ಲಿ ಅಂಗಾಂಗ ಹಂಚಿಕೆಯ ಹೊಣೆ ಹೊತ್ತ ಸಂಸ್ಥೆಯಲ್ಲಿ, ನೋಂದಾಯಿಸಿದ ಮೇಲೆ ನೆಂಟರಿಷ್ಟರೆಲ್ಲ ಕೇಳುವುದು ಇದೊಂದೇ ಪ್ರಶ್ನೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಉತ್ತರಿಸಿಬಿಡುತ್ತಾಳೆ: “ನಂಬರ್ ಇಲ್ಲ ಅಂಕಲ್. ಓ ಪಾಸಿಟಿವ್, ಮೂವತ್ತೆಂಟು ಕೆಜಿ.” ಉತ್ತರ ಸರಿಯಾಗಿಯೇ ಇದೆ, ಅದನ್ನು ಬಿಡಿಸಿ ಹೇಳುವುದಷ್ಟೇ ನನ್ನ ಪಾಲಿಗೆ ಉಳಿದಿದೆ.

ಅವಳು ಹುಟ್ಟಿದಾಗ ಹೃದಯದ ಎರಡು ಹೃತ್ಕುಕ್ಷಿಗಳಲ್ಲಿ, ಅಂದರೆ ರಕ್ತವನ್ನು ಹೊರದೂಡುವ ಕೋಣೆಗಳಲ್ಲಿ, ಒಂದು ಮಾತ್ರ ಸರಿಯಾಗಿ ಬೆಳೆದಿತ್ತು. ಇಂತಹ ಮಕ್ಕಳಿಗೆ ಹಂತಹಂತವಾಗಿ ಶಸ್ತ್ರಚಿಕಿತ್ಸೆ ಮಾಡಿ, ಕೊನೆಗೆ ಫಾಂಟಾನ್ ಎಂಬ ವಿಧಾನದಲ್ಲಿ, ದೇಹದಿಂದ ಮರಳುವ ರಕ್ತ ಹೃದಯದ ಒತ್ತುವಿಕೆಯಿಲ್ಲದೆ ತಾನೇ ಶ್ವಾಸಕೋಶಕ್ಕೆ ಹರಿಯುವಂತೆ ದಾರಿ ಮಾಡಿಕೊಡುತ್ತಾರೆ. ಆ ದಾರಿ ಅವಳನ್ನು ಹೈಸ್ಕೂಲಿನವರೆಗೆ ತಂದಿತು. ಆದರೆ ರಕ್ತವನ್ನು ಮರಳಿ ತರುವ ನಾಳಗಳಲ್ಲಿ ಒತ್ತಡ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿಯುವುದರಿಂದ ಯಕೃತ್ತು ಬಳಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಕೆಲವರಲ್ಲಿ ಪ್ರೋಟೀನ್ ಕರುಳಿನ ಮೂಲಕ ಸೋರಿಹೋಗುತ್ತದೆ. ಈಗ ಅವಳಿಗೆ ದಿನಕ್ಕೆ ಒಂದು ಲೀಟರ್ ದ್ರವ ಮಾತ್ರ. ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತವೆ. ಕಲ್ಲಂಗಡಿ ಹೋಳನ್ನು ಯಾವ ಲೆಕ್ಕಕ್ಕೆ ಬರೆಯಬೇಕು ಎಂಬ ವಾದ ನಮ್ಮ ಅಡುಗೆಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಇನ್ನು ನಂಬರಿನ ಮಾತು. ಇದು ರೇಷನ್ ಅಂಗಡಿಯ ಸಾಲಲ್ಲ, ಮುಂದೆ ನಿಂತವರಿಗೆ ಮೊದಲು ಸಿಗುವುದಕ್ಕೆ. ಓ ಗುಂಪಿನವರ ಹೃದಯ ಬೇರೆ ಗುಂಪಿನವರಿಗೂ ಹೊಂದಬಹುದು, ಆದರೆ ಓ ಗುಂಪಿನವಳಾದ ನನ್ನ ಮಗಳಿಗೆ ಓ ಗುಂಪಿನದೇ ಆಗಬೇಕು. ದಾನಿಯ ಮೈಕಟ್ಟು ಅವಳದಕ್ಕೆ ಹೊಂದಬೇಕು: ತೀರ ದೊಡ್ಡ ಹೃದಯ ಎದೆಗೂಡಿನಲ್ಲಿ ಹಿಡಿಸುವುದಿಲ್ಲ, ತೀರ ಚಿಕ್ಕದು ದೇಹದ ಭಾರವನ್ನು ಹೊರುವುದಿಲ್ಲ. ಹಿಂದಿನ ಶಸ್ತ್ರಚಿಕಿತ್ಸೆಗಳಲ್ಲಿ ಕೊಟ್ಟ ರಕ್ತದಿಂದಾಗಿ ಅವಳ ದೇಹದಲ್ಲಿ ಪ್ರತಿಕಾಯಗಳು, ಅಂದರೆ ಪರರ ಅಂಗಾಂಶದ ಮೇಲೆ ಎರಗುವ ಪ್ರೋಟೀನ್‌ಗಳು, ಬೆಳೆದಿವೆ. ಹಾಗಾಗಿ ಗುಂಪು, ಗಾತ್ರ ಎರಡೂ ಕೂಡಿಬಂದ ಹೃದಯವನ್ನೂ ಅವಳ ದೇಹ ತಿರಸ್ಕರಿಸಬಹುದು. ಜನ್ಮಜಾತ ದೋಷವಿರುವ ಮಕ್ಕಳಿಗೆ ಹೃದಯ ಹೊಂದುವುದು ಕಷ್ಟವಾಗಲು ಇದೂ ಒಂದು ಕಾರಣ. ಇದೆಲ್ಲದರ ಮೇಲೆ, ಹೊರತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಮತ್ತೆ ಬಡಿಯುವಂತೆ ಮಾಡಬೇಕು. ಪೊಲೀಸರು ರಸ್ತೆ ತೆರವು ಮಾಡಿ ಆಂಬುಲೆನ್ಸ್ ಬಿಡುವ ಗ್ರೀನ್ ಕಾರಿಡಾರ್ ಅದಕ್ಕಾಗಿಯೇ, ನಾವು ಊರು ಬಿಟ್ಟು ಬೆಂಗಳೂರಿನ ಆಸ್ಪತ್ರೆಯ ಹತ್ತಿರ ಬಾಡಿಗೆ ಮನೆ ಹಿಡಿದದ್ದೂ ಅದಕ್ಕಾಗಿಯೇ.

“ನಮ್ಮ ಎಮ್ಮೆಲ್ಲೆ ಕಡೆಯಿಂದ ಒಂದು ಮಾತು ಹೇಳಿಸಲೇ?” ಎಂದು ಕೇಳುವವರೂ ಇದ್ದಾರೆ. ಅವರ ಪ್ರೀತಿ ದೊಡ್ಡದು, ಆದರೆ ಶಿಫಾರಸು ಪತ್ರದಿಂದ ರಕ್ತದ ಗುಂಪು ಬದಲಾಗುವುದಿಲ್ಲ.

ಇನ್ನು ಕೆಲವರು ಕೇಳಲು ಹಿಂಜರಿದು ಸುಮ್ಮನಾಗುತ್ತಾರೆ: ಹಾಗಾದರೆ ನೀವು ಯಾರದೋ ಸಾವಿಗೆ ಕಾಯುತ್ತಿದ್ದೀರಾ ಎಂದು. ಇಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ಮಿದುಳಿನ ಸಾವನ್ನು ದೃಢಪಡಿಸುತ್ತದೆ. ಆ ಸಾವಿಗೂ ನಮಗೂ ಸಂಬಂಧವಿಲ್ಲ. ನಾವು ಕಾಯುವುದು, ಅದಾದ ಮೇಲೆ ಐಸಿಯು ಹೊರಗೆ ಕುಳಿತ ಒಂದು ಕುಟುಂಬ ಆ ದುಃಖದ ನಡುವೆಯೇ ಹೇಳಬೇಕಾದ ‘ಆಗಲಿ’ ಎಂಬ ಮಾತಿಗೆ. ದಾನದ ಪ್ರತಿಜ್ಞೆ ಮಾಡಿದ ಕಾರ್ಡು ಕಿಸೆಯಲ್ಲಿದ್ದರೂ ಮನೆಯವರ ಒಪ್ಪಿಗೆ ಕೇಳಿಯೇ ಮುಂದುವರಿಯುತ್ತಾರೆ. ಆದ್ದರಿಂದ “ನಮ್ಮಿಂದ ಏನಾಗಬೇಕು?” ಎನ್ನುವವರಿಗೆ ನಾನು ಹೇಳುವುದಿಷ್ಟು: ಕಾರ್ಡು ಮಾಡಿಸಿ, ಮಾಡಿಸಿದ್ದನ್ನು ಅಂದೇ ರಾತ್ರಿ ಊಟಕ್ಕೆ ಕುಳಿತಾಗ ಮನೆಯವರೆಲ್ಲರಿಗೂ ಹೇಳಿ.